ಮೂವತ್ತಾರು ಮಂಗಳವಾರ

ಸೀಲು ಬೀಳದ ಕೆಲಸ ಕೆಲಸವೇ ಅಲ್ಲ ಎಂದು ಮನಸಾರೆ ನಂಬಿದ ಮನುಷ್ಯ ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅವನು ನಮ್ಮ ಸೀಲಣ್ಣ. ರಬ್ಬರ್ ಸ್ಟಾಂಪು ಮಾಡುವುದು ಅವನ ಕಸುಬು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು ಎನ್ನುವಷ್ಟು ಅಗಲದ ಅಂಗಡಿ. ಅದರಲ್ಲಿ ಮೂವತ್ತು ವರ್ಷ ಕೂತು ಅಕ್ಷರಗಳನ್ನು ಹಿಂದುಮುಂದಾಗಿ ಕೆತ್ತಿ ಕೆತ್ತಿ, ನೆಟ್ಟಗೆ ಬರೆದದ್ದನ್ನು ಓದಲು ಅವನಿಗೆ ಈಗ ಒಂದು ಗಳಿಗೆ ಹೆಚ್ಚು ಬೇಕಾಗುತ್ತಿತ್ತು. 'ತುರ್ತು', 'ನಕಲು', 'ಮೂಲ ಪ್ರತಿಯೊಂದಿಗೆ ತಾಳೆ ನೋಡಲಾಗಿದೆ'. ಊರಿನ ಅರ್ಧ ಕಚೇರಿಗಳ ಸತ್ಯ ತಯಾರಾಗುತ್ತಿದ್ದದ್ದು ಅವನ ಅಂಗಡಿಯಲ್ಲೇ. ಮನೆಯಲ್ಲೂ ಅಷ್ಟೆ. ಹಾಲು ಬಂದರೆ ಕ್ಯಾಲೆಂಡರಿನ ಮೇಲೆ 'ಬಂದಿದೆ' ಎಂಬ ಸೀಲು, ಗ್ಯಾಸ್ ಸಿಲಿಂಡರ್ ಬದಲಾಯಿಸಿದರೆ 'ಬದಲಾಗಿದೆ'. "ಒಂದಿನ ನನ್ನ ಹಣೆಗೂ ಒಂದು ಒತ್ತಿಬಿಡಿ, 'ಸಾಕಾಗಿದೆ' ಅಂತ" ಎಂದು ಅವನ ಹೆಂಡತಿ ಹೇಳಿದ್ದುಂಟು.

ಇಂಥ ಸೀಲಣ್ಣ ಒಂದು ಸುಳ್ಳು ಹೇಳಿ ಸಿಕ್ಕಿಹಾಕಿಕೊಂಡ. ಆ ಸುಳ್ಳಿಗೆ ಕಾರಣ ಒಂದು ಆಮೆ.

ಆಮೆಯ ಹೆಸರು ನಿಧಾನಮ್ಮ. ಹೆಸರಿಟ್ಟವಳು ಮಗಳು, ಆಗಿನ್ನೂ ಒಂದನೇ ಕ್ಲಾಸು. ಹಿತ್ತಲಿನ ಕಲ್ಲುಗಳ ನಡುವೆ ಎಲ್ಲಿಂದಲೋ ಬಂದು ಸೇರಿಕೊಂಡಿದ್ದ, ಬೆನ್ನಿನ ಮೇಲೆ ಹಳದಿ ನಕ್ಷತ್ರಗಳಿದ್ದ ಆಮೆ ಅದು. ಮಗಳು ಅದರ ಪಕ್ಕದಲ್ಲೇ ಕೂತು ಮಗ್ಗಿ ಕಲಿತಳು, ಅದರ ಪಕ್ಕದಲ್ಲೇ ಕೂತು ನರ್ಸಿಂಗ್ ಓದಿದಳು. ನಿಧಾನಮ್ಮನಿಗೆ ಮನೆಯವರೆಲ್ಲರ ಜೊತೆಗೂ ಹೊಂದಾಣಿಕೆ ಇತ್ತು, ಸೀಲಣ್ಣನ ಗಂಟಲೊಂದನ್ನು ಬಿಟ್ಟು. ಪ್ರತಿದಿನ ಬೆಳಿಗ್ಗೆ ಹಲ್ಲುಜ್ಜಿ ಅವನು ಹಿತ್ತಲಲ್ಲಿ ನಿಂತು "ಖ್ರ್‌ರ್‌ಹ್ಹಂ" ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರರು ಆ ಸದ್ದು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ನಿಧಾನಮ್ಮ ಮಾತ್ರ ಸರಕ್ಕನೆ ತಲೆ ಒಳಗೆ ಎಳೆದುಕೊಳ್ಳುತ್ತಿದ್ದಳು. ಆಯುಷ್ಯದಲ್ಲಿ ಅವಳು ಬೇಗ ಮಾಡುತ್ತಿದ್ದ ಕೆಲಸ ಅದೊಂದೇ. ಆಮೇಲೆ ಸೀಲಣ್ಣನ ಸ್ನಾನ, ತಿಂಡಿ ಎಲ್ಲ ಮುಗಿಯುವ ತನಕ ತಲೆ ಹೊರಗೆ ಬರುತ್ತಿರಲಿಲ್ಲ.

ಮಗಳು ಮದುವೆಯಾಗಿ, ಎರಡು ರಾತ್ರಿ ರೈಲಿನಲ್ಲಿ ಕೂತರೆ ಸಿಗುವ ದೂರದ ಊರಿಗೆ ಹೊರಟಳು. ಹೊರಡುವಾಗ ಅವಳು ಹೇಳಿದ್ದು ಒಂದೇ ಮಾತು: "ಅಪ್ಪಾ, ಇವಳನ್ನ ನೋಡ್ಕೋ."

ಎರಡೇ ತಿಂಗಳಲ್ಲಿ ಒಬ್ಬ ಅರಣ್ಯ ಇಲಾಖೆಯ ಅಧಿಕಾರಿ ಸೀಲು ಮಾಡಿಸಲೆಂದು ಮನೆಗೇ ಬಂದರು. ಮಾತಾಡುತ್ತ ಕೂತಿದ್ದಾಗ ನಿಧಾನಮ್ಮ ಅವರ ಬೂಟಿನ ಮೇಲೆ ಹತ್ತಿ ಆ ಕಡೆ ಇಳಿದಳು. ಅಧಿಕಾರಿ ಒಳ್ಳೆಯವರು, ಬೈಯಲಿಲ್ಲ. ಇಂಥ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ, ತಾವಾಗಿಯೇ ಒಪ್ಪಿಸಿದರೆ ಏನೂ ತೊಂದರೆಯಿಲ್ಲ, ಊರಾಚೆ ಕಾಡಿನ ನಡುವೆ ದೊಡ್ಡ ಮೃಗಾಲಯ ಇದೆ, ಅಲ್ಲಿ ಸುಖವಾಗಿರುತ್ತೆ ಎಂದರು. ಅವರು ಮಾಡಿಸಲು ಬಂದಿದ್ದ ಸೀಲು 'ಸ್ವೀಕರಿಸಲಾಗಿದೆ'. ಸೀಲಣ್ಣ ತನ್ನ ಕೈಯಾರೆ ಕೆತ್ತಿದ ಆ ಸೀಲು ಮೊಟ್ಟಮೊದಲು ಬಿದ್ದದ್ದು ನಿಧಾನಮ್ಮನ ಕಾಗದದ ಮೇಲೆ. ಮನೆ ಭಣಭಣ ಎನ್ನತೊಡಗಿತು.

ಅದಾದ ಮೇಲೆ ಮಗಳು ಫೋನ್ ಮಾಡಿದಾಗ ಕೇಳಿದ ಮೊದಲ ಪ್ರಶ್ನೆ, "ನಿಧಾನಮ್ಮ ಹೇಗಿದಾಳಪ್ಪಾ?" ಮೃಗಾಲಯಕ್ಕೆ ಕೊಟ್ಟ ವಿಷಯವನ್ನು ಸೀಲಣ್ಣ ತಡವರಿಸುತ್ತ ಹೇಳಿದ. ಆ ಕಡೆಯಿಂದ ಮಾತೇ ಇಲ್ಲ. ಆ ಮೌನ ತಡೆಯಲಾರದೆ ಅವನ ಬಾಯಿಂದ ಹೊರಟುಬಿಟ್ಟಿತು: "ನೀನೇನೂ ಯೋಚ್ನೆ ಮಾಡ್ಬೇಡ. ಪ್ರತಿ ತಿಂಗಳು ನಾನೇ ಹೋಗಿ ನೋಡ್ಕೊಂಡು ಬರ್ತೀನಿ. ಅಲ್ಲಿ ಎಲ್ಲಾರಿಗೂ ನನ್ನ ಪರಿಚಯ ಇದೆ."

ಸುಳ್ಳಿಗೆ ಕಾಲಿಲ್ಲದಿದ್ದರೂ ಇದು ನಡೆಯಿತು, ಮೂರು ವರ್ಷ. ಪ್ರತಿ ತಿಂಗಳೂ ಮಗಳು ಕೇಳುವಳು, ಸೀಲಣ್ಣ ವರದಿ ಒಪ್ಪಿಸುವನು. ವರದಿಗೆ ಬೇಕಾದ ಸಾಮಗ್ರಿ ಊಟದ ಹೊತ್ತಿಗೆ ತಾನಾಗಿ ಸಿಗುತ್ತಿತ್ತು. "ಈಗ ಅದು ದಪ್ಪ ಆಗಿರುತ್ತೆ ಬಿಡಿ" ಎಂದು ಹೆಂಡತಿ ಬಡಿಸುತ್ತ ಅಂದುಕೊಳ್ಳುವಳು. "ಒಂದಕ್ಕೊಂದು ಗುದ್ದಾಡ್ತವಂತೆ, ಚಿಪ್ಪಿನ ಅಂಚು ಸ್ವಲ್ಪ ಚಕ್ಕೆ ಎದ್ದಿರಬೇಕು." ಸೀಲಣ್ಣ ಮಾರನೇ ದಿನ ಅದನ್ನೇ ಕಣ್ಣಾರೆ ಕಂಡವನ ಹಾಗೆ ಫೋನಿಗೆ ಒದರುವನು. ಹೆಂಡತಿಯ ಊಹಾಶಕ್ತಿಯ ಬಗ್ಗೆ ಅವನಿಗೆ ಗೌರವವೇ ಹುಟ್ಟಿತ್ತು. ಪಾಪ, ಅವಳಿಗೆ ಮಂಡಿನೋವು. ತಿಂಗಳ ಮೊದಲ ಬುಧವಾರ ತಪ್ಪದೆ ಮಂಡಿ ಡಾಕ್ಟರ ಹತ್ತಿರ ಹೋಗಿ, ಸಂಜೆ ಸುಸ್ತಾಗಿ ಬರುವಳು. ಅಂಥದರಲ್ಲೂ ಆಮೆಯ ಯೋಚನೆ ಮಾಡುವಳಲ್ಲ!

ಹೀಗಿರುವಾಗ ಮಗಳ ಫೋನು ಬಂತು. "ರಜ ಸಿಕ್ಕಿದೆಯಪ್ಪಾ. ಶುಕ್ರವಾರ ಬರ್ತೀನಿ, ಭಾನುವಾರ ಸಂಜೆ ರೈಲಿಗೆ ವಾಪಸ್. ಭಾನುವಾರ ಬೆಳಿಗ್ಗೆ ನೀನು ನನ್ನ ನಿಧಾನಮ್ಮನ ಹತ್ರ ಕರ್ಕೊಂಡು ಹೋಗ್ಬೇಕು."

ಸೀಲಣ್ಣ ಮೂರು ವರ್ಷ ದಾರಿ ಕಾದ ಮಗಳು ಬರುತ್ತಾಳೆ, ಬಂದು ಮೊದಲು ತಿಳಿಯುವುದು ಅಪ್ಪ ಸುಳ್ಳುಗಾರ ಎಂದು. ಅಪ್ಪ ಒಂದು ಸಲವೂ ಹೋಗಿ ನೋಡಲಿಲ್ಲ, ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ ಎಂದು. ಇನ್ನು ಅವಳು ಫೋನಿನಲ್ಲಿ ಅವನ ಯಾವ ಮಾತನ್ನು ನಂಬಿಯಾಳು?

ಬೇರೆ ಯಾರಾದರೂ ಆಗಿದ್ದರೆ ಹಿಂದಿನ ದಿನ ಬಸ್ಸು ಹತ್ತಿ ಮೃಗಾಲಯ ನೋಡಿಕೊಂಡು ಬರುತ್ತಿದ್ದರು. ಸೀಲಣ್ಣ ಅಂಗಡಿಯಲ್ಲಿ ಕೂತು ಒಂದು ದುಂಡು ಸೀಲು ಕೆತ್ತಿದ. ಸುತ್ತಲೂ 'ವನ್ಯಜೀವಿ ಖಾಯಂ ಭೇಟಿದಾರರು', ನಡುವೆ 'ಭೇಟಿ ಕೊಟ್ಟಿದ್ದಾರೆ', ಕೆಳಗೆ ಹೆಸರುಕಾಳಿನಷ್ಟು ಗಾತ್ರದ ಆಮೆ. ಒಂದು ಸಣ್ಣ ನೋಟುಪುಸ್ತಕ ತಂದು ತಿಂಗಳಿಗೊಂದರಂತೆ ಮೂವತ್ತಾರು ಸೀಲು ಒತ್ತಿದ. ಪಕ್ಕದಲ್ಲಿ ತಾರೀಕು. ಕೆಲಸದಲ್ಲಿ ಅವನು ಕಟ್ಟುನಿಟ್ಟು. ಅಂಗಡಿಗೆ ವಾರದ ರಜ ಮಂಗಳವಾರವಾದ್ದರಿಂದ, ಹೋಗಿದ್ದರೆ ಮಂಗಳವಾರವೇ ಹೋಗಿರಬೇಕಷ್ಟೆ? ಹಳೇ ಕ್ಯಾಲೆಂಡರುಗಳನ್ನೆಲ್ಲ ಅಟ್ಟದಿಂದ ಇಳಿಸಿ, ಒಂದೊಂದೇ ಮಂಗಳವಾರ ಹುಡುಕಿ ಹಾಕಿದ. ಕೊನೆಯ ಸೀಲು ಬಿದ್ದಾಗ ತಾನು ನಿಜವಾಗಿಯೂ ಹೋಗಿ ಬಂದಿದ್ದೇನೆ ಎಂದು ಅವನಿಗೇ ಅರ್ಧ ನಂಬಿಕೆ ಬಂತು.

ಶುಕ್ರವಾರ ಮಗಳು ಬಂದಳು. ಸ್ವಲ್ಪ ಇಳಿದಿದ್ದಳು, ಕೂದಲು ಗಿಡ್ಡ ಮಾಡಿಸಿದ್ದಳು, ನಗು ಮಾತ್ರ ಹಾಗೇ ಇತ್ತು. ಪುಸ್ತಕ ನೋಡಿ ಅವಳ ಕಣ್ಣು ತುಂಬಿತು. "ಇಷ್ಟೊಂದು ಸಲ ಹೋಗಿದೀಯಾ ಅಪ್ಪಾ!" ಸೀಲಣ್ಣ ಗೋಡೆ ನೋಡಿದ. ಅಷ್ಟರಲ್ಲಿ ಮಗಳನ್ನು ಮಾತಾಡಿಸಲು ಬಂದ ಪೋಸ್ಟ್‌ಮಾಸ್ಟರರು ಪುಸ್ತಕ ಕೈಗೆತ್ತಿಕೊಂಡರು. ಮೂವತ್ತೈದು ವರ್ಷ ಸೀಲು ಒತ್ತಿದ ಕೈ ಅದು. ಕನ್ನಡಕ ಒರೆಸಿ ಹಾಕಿಕೊಂಡು ಪುಟದ ಮೇಲೆ ಬಗ್ಗಿದರು.

"ಸೀಲಣ್ಣಾ, ಮೂರು ವರ್ಷದ ಹಿಂದಿನ ಇಂಕು, ಹೋದ ತಿಂಗಳಿನ ಇಂಕು, ಎರಡೂ ಒಂದೇ ಬಣ್ಣ ಇದೆಯಲ್ಲಯ್ಯಾ."

"ಒಳ್ಳೇ ಇಂಕು ಸಾರ್. ಬಣ್ಣ ಬಿಡಲ್ಲ."

"ಹೂಂ. ನನಗೂ ಭಾನುವಾರ ಕೆಲಸ ಇಲ್ಲ. ನಿಮ್ಮ ಜೊತೆ ನಾನೂ ಬರ್ತೀನಿ."

ಭಾನುವಾರ ಬೆಳಿಗ್ಗೆ ನಾಲ್ವರೂ ಬಸ್ಸಿಳಿದರು. ಕಣ್ಣು ಹರಿದಷ್ಟು ದೂರ ಮರ. ಕಾಡಿಗೇ ಗೇಟು ಹಾಕಿ ಮೃಗಾಲಯ ಎಂದು ಬರೆದ ಹಾಗಿತ್ತು. ಗೇಟಿನಲ್ಲಿ ಟಿಕೆಟ್ ಹರಿಯುವ ಹೆಂಗಸು ಇವರನ್ನು ನೋಡಿದ್ದೇ ಬಾಯ್ತುಂಬ ನಕ್ಕಳು.

"ಓಹೋ, ಬಂದ್ರಾ! ಈ ಸಲ ಮನೆಯವರನ್ನೆಲ್ಲ ಕರ್ಕೊಂಡು ಬಂದಿದೀರಾ!"

ಸೀಲಣ್ಣ ಹಿಂದೆ ತಿರುಗಿ ನೋಡಿದ. ಹಿಂದೆ ಹೆಂಡತಿಯ ಹೊರತು ಯಾರೂ ಇರಲಿಲ್ಲ. ಎಂದರೆ ಇದು ತನಗೇ ಹೇಳಿದ್ದು! "ಹೌದಮ್ಮಾ, ಹೌದು" ಎಂದು ಕೈಮುಗಿದ. ಪೋಸ್ಟ್‌ಮಾಸ್ಟರರ ಹುಬ್ಬು ಮೇಲೇರಿತು.

ಬ್ಯಾಟರಿ ಗಾಡಿಯ ಡ್ರೈವರು ಗಾಡಿ ನಿಲ್ಲಿಸಿ ಕೈಯೆತ್ತಿದ. "ನಮಸ್ಕಾರ! ಮಂಡಿ ಹೇಗಿದೆ ಈಗ?"

"ಮಂಡಿ ಚೆನ್ನಾಗಿದೆ" ಎಂದ ಸೀಲಣ್ಣ ಗಂಭೀರವಾಗಿ. ತನ್ನ ಮಂಡಿಯ ಬಗ್ಗೆ ಇವನಿಗೇಕೆ ಕಾಳಜಿ ಎಂದು ಅರ್ಥವಾಗಲಿಲ್ಲ. ಆದರೂ ಬಗ್ಗಿ ಒಮ್ಮೆ ಮುಟ್ಟಿ ನೋಡಿಕೊಂಡ. ಜಿಂಕೆಗಳ ಹತ್ತಿರ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ ನಕ್ಕಳು, ನೀರಿನ ಪೈಪು ಹಿಡಿದವನು ಪೈಪು ಕೆಳಗಿಟ್ಟು ತಲೆಬಾಗಿದ. ಸೀಲಣ್ಣನಿಗೆ ಒಳಗೊಳಗೇ ಭಯ ಶುರುವಾಯಿತು. ತಾನು ನಿಜವಾಗಿಯೂ ಬರುತ್ತಿದ್ದು, ಅದನ್ನು ಮರೆತುಬಿಟ್ಟಿದ್ದೇನೆಯೇ? ಇಲ್ಲಾ ದುಂಡು ಸೀಲಿಗೆ ಇಷ್ಟು ಶಕ್ತಿ ಇದೆಯೇ?

"ಇಷ್ಟು ಪರಿಚಯ ಇದ್ಮೇಲೆ ದಾರಿ ನೀನೇ ತೋರಿಸಯ್ಯಾ" ಎಂದರು ಪೋಸ್ಟ್‌ಮಾಸ್ಟರರು.

ಸೀಲಣ್ಣ ಎದೆ ಉಬ್ಬಿಸಿ ಮುಂದೆ ಹೊರಟ. ಬಿದಿರು ಮೆಳೆ ದಾಟಿ, ಹುಲಿ ಇದೆ ಎಂಬ ಬೋರ್ಡು ದಾಟಿ (ಬೋರ್ಡು ಇತ್ತು, ಹುಲಿ ಇರಲಿಲ್ಲ), ಒಂದು ದೊಡ್ಡ ಕೊಳದ ಹತ್ತಿರ ಬಂದ. ನೀರಾನೆ. "ಇದು ನೀರಾನೆ" ಎಂದು ವಿವರಿಸಿದ. ಇನ್ನೊಂದು ದಾರಿ ಹಿಡಿದು ಕಾಲು ಗಂಟೆ ನಡೆದ ಮೇಲೆ ಮತ್ತೆ ನೀರಾನೆ. "ಇದು ಇನ್ನೊಂದು" ಎಂದ. ಮೂರನೇ ಸಲ ಎದುರಾದಾಗ ನೀರಾನೆಗೇ ನಾಚಿಕೆಯಾಗಿ ನೀರೊಳಗೆ ಮುಳುಗಿತು.

"ಆ ಆಲದ ಮರದ ಹತ್ರ ಎಡಕ್ಕೆ ತಿರುಗಿದ್ರೆ ಏನಿರುತ್ತೋ ಏನೋ" ಎಂದಳು ಹೆಂಡತಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಯಾರಿಗೂ ಅಲ್ಲದ ಹಾಗೆ.

ಎಡಕ್ಕೆ ತಿರುಗಿದರು. ಆಮೆಗಳ ಆವರಣ ಕಂಡಿತು. ಒಳಗೆ ಇಟ್ಟಿಗೆ, ಮರಳು, ಮುರಿದ ಗೋಡೆ. 'ದುರಸ್ತಿ ಕಾಮಗಾರಿ. ಆಮೆಗಳನ್ನು ಹಿಂದಿನ ಆವರಣಕ್ಕೆ ಸಾಗಿಸಲಾಗಿದೆ. ಸಾರ್ವಜನಿಕರಿಗೆ ಪ್ರವೇಶವಿಲ್ಲ.' ಬೋರ್ಡು ಹೊಸದು, ಬಣ್ಣ ಇನ್ನೂ ಹಸಿ. ಅದುವರೆಗೆ ನಿಶ್ಚಿಂತಳಾಗಿದ್ದ ಹೆಂಡತಿಯ ಮುಖವೂ ಬಾಡಿತು. ಮಗಳು ಕಂಬಿ ಹಿಡಿದು ಒಳಗೆ ನೋಡುತ್ತ ನಿಂತಳು.

"ಮತ್ತೆ ರಜ ಸಿಗೋದು ಯಾವಾಗ್ಲೋ ಅಪ್ಪಾ" ಎಂದಳು. ಅಷ್ಟೇ ಅಂದದ್ದು. ಇವಳು ಇವತ್ತು ನಿಧಾನಮ್ಮನನ್ನು ನೋಡದೆ ರೈಲು ಹತ್ತಬಾರದು, ಏನಾದರಾಗಲಿ ಎಂದು ಸೀಲಣ್ಣ ನೇರ ಮೇಲ್ವಿಚಾರಕರ ಕಚೇರಿಗೆ ನುಗ್ಗಿದ. ಮೂವರೂ ಹಿಂದೆ ಓಡಿದರು.

ಮೇಲ್ವಿಚಾರಕರು ಹೊಸಬರು, ವರ್ಗವಾಗಿ ಬಂದು ಹದಿನೈದು ದಿನ. "ಆಗಲ್ಲ" ಎಂದರು, ತಲೆಯೆತ್ತದೆ. ಸೀಲಣ್ಣ ಜೇಬಿನಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ದುಂಡು ಸೀಲು ಕಂಡದ್ದೇ ಮೇಲ್ವಿಚಾರಕರು ಅರ್ಧ ಎದ್ದು ನಿಂತರು. ಸರಕಾರಿ ಕುರ್ಚಿಯಲ್ಲಿ ಕೂತವರಿಗೆ ಅದು ಅಭ್ಯಾಸಬಲ. ಗುಮಾಸ್ತನನ್ನು ಕೂಗಿದರು.

"ಏನ್ರೀ ಇದು, ಖಾಯಂ ಭೇಟಿದಾರರ ವಿಭಾಗ? ನನಗೆ ಯಾರೂ ಹೇಳಲೇ ಇಲ್ವಲ್ಲ. ಎಲ್ಲಿದೆ ಅದು?"

ಗುಮಾಸ್ತ ಸೀಲನ್ನು ನೋಡಿ ಬೆವರಿದ. ಗೊತ್ತಿಲ್ಲ ಎನ್ನುವುದು ಅವನ ಸರ್ವೀಸಿನಲ್ಲೇ ಇರಲಿಲ್ಲ. "ಮೇಲಿನ ಮಹಡೀಲಿ ಇರ್ಬೇಕು ಸಾರ್."

"ನಮಗೆ ಮೇಲಿನ ಮಹಡಿ ಎಲ್ಲಿದೆ?"

"ಕಟ್ಟಿಸ್ತಾ ಇರ್ಬೇಕು ಸಾರ್."

ಮೇಲ್ವಿಚಾರಕರು ಸೀಲಣ್ಣನಿಗೆ ಕುರ್ಚಿ ಕೊಟ್ಟರು. ನೀರು ತರಿಸಿದರು. "ಮೂರು ವರ್ಷ ತಪ್ಪದೆ ಬಂದಿದೀರಾ! ಇಂಥವರು ಎಲ್ಲಿ ಸಿಗ್ತಾರೆ" ಎಂದು ಪುಟ ತಿರುವುತ್ತ ಹೋದರು. ಒಂದು ಪುಟ, ಎರಡು ಪುಟ. ಬೆರಳು ನಿಂತಿತು. ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದರು, ಮತ್ತೆ ಪುಸ್ತಕ ನೋಡಿದರು.

"ಎಲ್ಲಾ ಮಂಗಳವಾರ."

"ಹೌದು ಸಾರ್. ನಮ್ಮ ಅಂಗಡಿಗೆ ವಾರದ ರಜ" ಎಂದ ಸೀಲಣ್ಣ ಹೆಮ್ಮೆಯಿಂದ.

"ನಮಗೂ ಮಂಗಳವಾರವೇ ವಾರದ ರಜ" ಎಂದರು ಮೇಲ್ವಿಚಾರಕರು. "ಅವತ್ತು ಗೇಟೇ ತೆಗೆಯಲ್ಲ."

"ನಾನು ಇಂಕು ನೋಡಿದಾಗಲೇ ಅಂದ್ಕೊಂಡೆ" ಎಂದು ಪೋಸ್ಟ್‌ಮಾಸ್ಟರರು ಶುರುಮಾಡಿದವರು, ಸೀಲಣ್ಣನ ಮುಖ ನೋಡಿ ಕಿಟಕಿಯ ಕಡೆ ತಿರುಗಿದರು.

ಸೀಲಣ್ಣ ಮಗಳ ಕಡೆ ನೋಡಲಾರದೆ ಮೇಜಿನ ಕಾಲನ್ನು ನೋಡುತ್ತ ಹೇಳಿದ: "ನಾನು ಬಂದಿಲ್ಲ ಮಗಳೇ. ಒಂದು ಸಲ ಬಂದಿದ್ದೆ, ಶುರುವಿನಲ್ಲಿ. ಅವತ್ತೂ ಮಂಗಳವಾರ. ಗೇಟು ಮುಚ್ಚಿತ್ತು. ಯಾಕೆ ಮುಚ್ಚಿದೆ ಅಂತ ಕೂಡ ಕೇಳಲಿಲ್ಲ, ಸದ್ಯ ಮುಚ್ಚಿದೆಯಲ್ಲ ಅಂದ್ಕೊಂಡು ವಾಪಸ್ ಬಸ್ ಹತ್ತಿದೆ. ನಿಧಾನಮ್ಮನ್ನ ನೋಡಿದ್ರೆ ಮನೆಗೆ ಕರ್ಕೊಂಡು ಹೋಗ್ಬೇಕು ಅನ್ಸುತ್ತೆ. ಕರ್ಕೊಂಡು ಹೋಗೋ ಹಾಗಿಲ್ಲ. ಒಂದೇ ವರ್ಷದಲ್ಲಿ ಇಬ್ರನ್ನ ಕಳಿಸಿಕೊಟ್ಟೆ. ಇನ್ನೊಂದು ಸಲ ಬಿಟ್ಟು ಬರೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಅದಕ್ಕೆ ಸುಳ್ಳು ಹೇಳ್ತಾ ಬಂದೆ."

ಮಗಳು ಏನೋ ಹೇಳಬೇಕು ಎನ್ನುವಷ್ಟರಲ್ಲಿ ಬಾಗಿಲು ತೆರೆದು ಖಾಕಿ ಬಟ್ಟೆಯ ಒಬ್ಬಾಕೆ ಒಳಗೆ ಬಂದಳು. ಆಮೆಗಳನ್ನು ನೋಡಿಕೊಳ್ಳುವವಳು. ಸೀಲಣ್ಣನನ್ನಾಗಲಿ, ಮೇಲ್ವಿಚಾರಕರನ್ನಾಗಲಿ ನೋಡದೆ ನೇರ ಸೀಲಣ್ಣನ ಹೆಂಡತಿಯ ಹತ್ತಿರ ಹೋಗಿ ಕೈ ಹಿಡಿದುಕೊಂಡಳು.

"ಅಮ್ಮಾ, ನೀವು ಬಂದಿದೀರಾ ಅಂತ ಗೇಟಲ್ಲಿ ಹೇಳಿದ್ರು. ಇನ್ನೂ ಬುಧವಾರ ಆಗಿಲ್ವಲ್ಲ! ಬೋರ್ಡು ನೋಡಿ ಗಾಬರಿ ಆಯ್ತಾ? ನಿಮ್ಮ ನಿಧಾನಮ್ಮ ಹಿಂದಿನ ಆವರಣದಲ್ಲಿ ಆರಾಮಾಗಿದಾಳೆ." ಮೇಲ್ವಿಚಾರಕರ ಕಡೆ ತಿರುಗಿದಳು. "ಸಾರ್, ಈ ಅಮ್ಮ ಮೂರು ವರ್ಷದಿಂದ ತಿಂಗಳಿಗೊಂದು ಬುಧವಾರ ತಪ್ಪಿಸಿದ್ದಿಲ್ಲ. ಏನೂ ತಿನ್ನಿಸಲ್ಲ, ಮುಟ್ಟಲ್ಲ. ಹೊರಗೆ ಕೂತ್ಕೊಂಡು ಮಗಳು ಫೋನಲ್ಲಿ ಏನೇನು ಹೇಳಿದ್ಲು ಅಂತ ಆಮೆಗೆ ಹೇಳಿ ಹೋಗ್ತಾರೆ."

ಗೇಟಿನ ನಗು, ಮಂಡಿಯ ವಿಚಾರಣೆ, ಊಟದ ಹೊತ್ತಿನ ಊಹೆಗಳು, ಎಲ್ಲವೂ ಒಂದೊಂದಾಗಿ ಸೀಲಣ್ಣನ ತಲೆಗೆ ಹೊಕ್ಕವು. ಅವನ ತಲೆಗೆ ಎಲ್ಲವೂ ಹಿಂದುಮುಂದಾಗಿಯೇ ಹೋಗುವುದರಿಂದ ಸ್ವಲ್ಪ ಹೊತ್ತು ಹಿಡಿಯಿತು.

"ಮಂಡಿ ಡಾಕ್ಟರು?" ಎಂದ.

"ನಡೀರಿ ಅಂದಿದ್ರು. ಇಲ್ಲಿ ನಡೆದೆ" ಎಂದಳು ಹೆಂಡತಿ.

"ನನಗೆ ಒಂದು ಮಾತು ಹೇಳೋದಲ್ವೇನೇ!"

"ನೀವು ಹೋಗಿ ಬಂದೆ ಅಂತ ಫೋನಲ್ಲಿ ಹೇಳ್ತಿದ್ರಲ್ಲ. ಹೋಗಿಲ್ಲ ಅಂತ ನನಗೆ ಗೊತ್ತಿಲ್ವಾ? ಮಗಳಿಗೆ ಹೇಳಿದ್ದು ಪೂರ್ತಿ ಸುಳ್ಳಾಗ್ಬಾರ್ದು ಅಂತ ನಾನು ಹೋದೆ." ಹೇಳಿ, ಸೆರಗು ಸರಿಮಾಡಿಕೊಂಡು, "ಆ ಖಾಲಿ ಮನೇಲಿ ಕೂತಿರೋಕೆ ನಂಗೂ ಆಗ್ತಿರಲಿಲ್ಲ ಕಣ್ರೀ" ಎಂದಳು ಮೆಲ್ಲಗೆ.

ಮಗಳು ಅಪ್ಪನ ತೋಳು ಹಿಡಿದಳು. ಬೈಯುತ್ತಾಳೆಂದು ಸೀಲಣ್ಣ ಕಣ್ಣು ಮುಚ್ಚಿಕೊಂಡ. "ಅಪ್ಪಾ, ಫೋನಲ್ಲಿ ನಾನು ಮೊದಲು ನಿಧಾನಮ್ಮನ್ನ ಯಾಕೆ ಕೇಳ್ತಿದ್ದೆ ಗೊತ್ತಾ? ನೀನು ಹೇಗಿದೀಯ ಅಂತ ಕೇಳೋಕೆ ಹೋದ್ರೆ ನಂಗೆ ಅಳು ಬಂದುಬಿಡ್ತಿತ್ತು."

ಮೇಲ್ವಿಚಾರಕರು ಕೆಮ್ಮಿ, ಕನ್ನಡಕ ತೆಗೆದು ಒರೆಸಿ, ಅನುಮತಿ ಪತ್ರ ಬರೆದರು. ಬರೆದು ನೋಡಿದರೆ ಕಚೇರಿಯ ಸೀಲು ಬೀರುವಿನಲ್ಲಿದೆ, ಬೀರುವಿನ ಕೀಲಿ ರಜದಲ್ಲಿರುವವರ ಹತ್ತಿರ ಇದೆ. "ಸೀಲಿಲ್ಲದೆ ಹೇಗೆ ಸಾರ್?" ಎಂದು ಗುಮಾಸ್ತ ರಾಗ ತೆಗೆದ. "ಹಾಳಾಗಿ ಹೋಗ್ಲಿ ಸಾರ್, ಸೀಲಿಲ್ಲದೇ ಕಳಿಸಿ" ಎಂದ ಸೀಲಣ್ಣ. ಅವನ ಬಾಯಿಂದ ಆ ಮಾತು ಕೇಳಿದ ಪೋಸ್ಟ್‌ಮಾಸ್ಟರರು ಗೋಡೆ ಹಿಡಿದುಕೊಂಡರು.

ಹಿಂದಿನ ಆವರಣದಲ್ಲಿ ದೊಡ್ಡ ದೊಡ್ಡ ಮರಗಳ ನೆರಳು, ಒಣಗಿದ ಎಲೆ, ನಡುವೆ ನಲವತ್ತು ಆಮೆ. ಎಲ್ಲದರ ಬೆನ್ನಿನ ಮೇಲೂ ಹಳದಿ ನಕ್ಷತ್ರ. ಎಲ್ಲವೂ ಸೊಪ್ಪು ಮೇಯುತ್ತಿದ್ದವು. ಹೆಂಡತಿಗೆ ಗೊತ್ತಿತ್ತು, ನೋಡಿಕೊಳ್ಳುವವಳಿಗೆ ಗೊತ್ತಿತ್ತು. ಅವರು ಬಾಯಿ ಬಿಡಲಿಲ್ಲ. ಸೀಲಣ್ಣ ಒಂದೊಂದನ್ನೇ ನೋಡುತ್ತ ಹೋದ. ಗುರುತೇ ಹತ್ತಲಿಲ್ಲ. ಮೂರು ವರ್ಷದ ನಂತರ ಯಾವ ಮುಖ ಇಟ್ಟುಕೊಂಡು ಗುರುತು ಹಿಡಿಯುವುದು? ದುಃಖ ಉಕ್ಕಿ ಬಂತು. ಪೋಸ್ಟ್‌ಮಾಸ್ಟರರ ಎದುರಿಗೆ ಅತ್ತಾನೆಯೇ? ಅಳು ಮುಚ್ಚಿಕೊಳ್ಳಲು ಗಂಟಲು ಸರಿಮಾಡಿಕೊಂಡ.

"ಖ್ರ್‌ರ್‌ಹ್ಹಂ!"

ಮೂವತ್ತೊಂಬತ್ತು ಆಮೆಗಳು ಮೇಯುತ್ತಲೇ ಇದ್ದವು. ಆ ಮೂಲೆಯಲ್ಲಿ, ಚಿಪ್ಪಿನ ಎಡ ಅಂಚು ಚಕ್ಕೆ ಎದ್ದ ಒಂದು ದಪ್ಪನೆಯ ಆಮೆ ಬಾಯಲ್ಲಿದ್ದ ಸೊಪ್ಪನ್ನೂ ಬಿಟ್ಟು ಸರಕ್ಕನೆ ತಲೆ ಒಳಗೆಳೆದುಕೊಂಡಿತು.

"ಅಪ್ಪಾ!" ಎಂದು ಮಗಳು ಕಿರುಚಿದಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವುದು ಕಷ್ಟ. "ನಾನು ಮೂರು ವರ್ಷ ಬಂದು ಮಾತಾಡಿಸಿದ್ರೂ ಒಂದಿನ ತಿರುಗಿ ನೋಡಿದ್ದಿಲ್ಲ. ಇವರ ಕ್ಯಾಕರಿಕೆ ಮಾತ್ರ ಮರೆತಿಲ್ಲ" ಎಂದು ಹೆಂಡತಿ ಸೆರಗು ಕಣ್ಣಿಗೆ ಒತ್ತಿಕೊಂಡಳು. ಪೋಸ್ಟ್‌ಮಾಸ್ಟರರು ಅಭ್ಯಾಸಬಲದಿಂದ ಗಡಿಯಾರ ನೋಡಿಕೊಂಡರು. "ರೈಲಿಗೆ ಹೊತ್ತಾಗುತ್ತೆ" ಎಂದರು, ಹೇಳಬೇಕಾದ್ದು ತಮ್ಮ ಕರ್ತವ್ಯ ಎಂಬಂತೆ.

"ಅವಳು ತಲೆ ಹೊರಗೆ ಹಾಕ್ಲಿ ಮಾವಾ. ಮುಖ ನೋಡಿ ಹೊರಡ್ತೀನಿ" ಎಂದಳು ಮಗಳು. ಅಪ್ಪನ ಪಕ್ಕದಲ್ಲಿ, ಮಗ್ಗಿ ಕಲಿಯುತ್ತಿದ್ದಾಗ ಕೂರುತ್ತಿದ್ದ ಹಾಗೆಯೇ, ನೆಲದ ಮೇಲೆ ಕಾಲು ಮಡಿಸಿ ಕೂತಳು. ಹೆಂಡತಿ ಈ ಕಡೆ ಕೂತಳು. ಮೂವರ ಎದುರಿಗೆ ನಕ್ಷತ್ರದ ಚಿಪ್ಪು, ಹಿತ್ತಲಲ್ಲಿ ಇರುತ್ತಿದ್ದ ಹಾಗೇ. ಸೀಲಣ್ಣನಿಗೆ ಯಾರೂ ಎಲ್ಲಿಗೂ ಹೋಗೇ ಇಲ್ಲ ಅನ್ನಿಸಿತು. ತಲೆ ಹೊರಗೆ ಬಂದರೆ ಮಗಳು ಏಳುತ್ತಾಳೆ, ಆಮೇಲೆ ಬಸ್ಸು, ಆಮೇಲೆ ರೈಲು. ಬಾರದಿರಲಿ, ಇನ್ನೂ ಸ್ವಲ್ಪ ಹೊತ್ತು ಬಾರದಿರಲಿ ಎಂದು ಉಸಿರು ಬಿಗಿಹಿಡಿದು ಕೂತ.

ತುಂಬಾ ಹೊತ್ತಿನ ಮೇಲೆ ಚಿಪ್ಪಿನ ಅಂಚಿನಲ್ಲಿ ಮೂಗಿನ ತುದಿ ಕಂಡಿತು. ಮಗಳು ಮುಂದಕ್ಕೆ ಬಾಗಿದಳು.

ಸೀಲಣ್ಣ ಇನ್ನೊಮ್ಮೆ ಗಂಟಲು ಸರಿಮಾಡಿಕೊಂಡ.